ಅದಿರು, ಅಧಿಕಾರ ಮತ್ತು ಖುಲಾಸೆ: ಚಿಕ್ಕನಾಯಕನಹಳ್ಳಿಯಿಂದ ನೋಡಿದ ಒಂದು ಪ್ರಕರಣ

2016ರ ಅಕ್ಟೋಬರ್ 26ರಂದು ಬೆಂಗಳೂರಿನ ಸಿಬಿಐ ವಿಶೇಷ ನ್ಯಾಯಾಲಯವು ಗಣಿ ಕಂಪನಿಯಿಂದ ಲಂಚ ಪಡೆದ ಆರೋಪದ ಪ್ರಕರಣದಲ್ಲಿ ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರೂ ಸೇರಿ ಎಲ್ಲ 13 ಆರೋಪಿಗಳನ್ನು ಖುಲಾಸೆಗೊಳಿಸಿತು. ಆ ದಿನ ನಾನು ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿರುವ ಅಕ್ಕನ ಮನೆಯಲ್ಲಿದ್ದೆ. ದೀಪಾವಳಿಗೆ ಇನ್ನು ಮೂರ್ನಾಲ್ಕು ದಿನ ಉಳಿದಿತ್ತು. ಭಾವ ಅಟ್ಟದಿಂದ ಇಳಿಸಿದ ಕಾಯಿಗಳ ಸಿಪ್ಪೆ ಸುಲಿಯುತ್ತಾ ಟೀವಿಯ ಸುದ್ದಿಯನ್ನು ಕೊನೆಯವರೆಗೂ ಕೇಳಿಸಿಕೊಂಡು, ಸುಲಿಯುವುದನ್ನು ನಿಲ್ಲಿಸಿ, ಒಂದೇ ಮಾತು ಹೇಳಿದರು: "ನೋಡಪ್ಪ, ಕೋರ್ಟು ಅವರ ತಪ್ಪೇನಿಲ್ಲ ಅಂದಮೇಲೆ ಇಲ್ಲ ಅಂತಲೇ ಇಟ್ಕೊಳಾಣ. ಹಂಗಾದ್ರೆ ಗುಡ್ಡ ಎಲ್ಲೋಯ್ತು?"

ತುಮಕೂರಿನಲ್ಲಿ ಕಾನೂನು ವಿದ್ಯಾರ್ಥಿಗಳಿಗೆ ಪಾಠ ಹೇಳುವ ನನ್ನ ಬಳಿ ಆ ಪ್ರಶ್ನೆಗೆ ಅಂದು ನೆಟ್ಟಗೆ ಉತ್ತರವಿರಲಿಲ್ಲ. ಕ್ರಿಮಿನಲ್ ಮೊಕದ್ದಮೆಯಲ್ಲಿ ಆರೋಪ ರುಜುವಾತಾಗಬೇಕಾದ ಮಟ್ಟ ಯಾವುದು, ಸಾಕ್ಷ್ಯದ ಭಾರ ಯಾರ ಮೇಲಿರುತ್ತದೆ ಎಂಬುದನ್ನೆಲ್ಲ ವಿವರಿಸಿದೆ. ಭಾವ ತಾಳ್ಮೆಯಿಂದ ಕೇಳಿದರು. ಆದರೆ ಅವರು ಕೇಳಿದ್ದು ಅದನ್ನಲ್ಲ. ಆ ನಂತರ ಪ್ರತಿ ವರ್ಷವೂ ಈ ಪ್ರಕರಣವನ್ನು ತರಗತಿಯಲ್ಲಿ ಎತ್ತಿಕೊಂಡಿದ್ದೇನೆ, ಪ್ರತಿ ಸಲವೂ ಭಾವನ ಪ್ರಶ್ನೆಯಿಂದಲೇ ಆರಂಭಿಸಿದ್ದೇನೆ. ಒಬ್ಬ ರಾಜಕಾರಣಿಯ ಏಳುಬೀಳುಗಳ ಕಥೆಯಾಗಿ ಇದನ್ನು ಹೇಳುವವರು ಬಹಳ ಮಂದಿ ಇದ್ದಾರೆ. ಸಾರ್ವಜನಿಕರ ಸ್ವತ್ತು ಖಾಸಗಿ ಕೈಗೆ ಹೋಗುವ ದಾರಿಯಲ್ಲಿ ಕಾನೂನಿನ ಕಣ್ಣಿಗೆ ಬಿದ್ದ ಭಾಗ ಎಷ್ಟು, ಬೀಳದೆ ಉಳಿದ ಭಾಗ ಎಷ್ಟು ಎಂಬ ಲೆಕ್ಕವಾಗಿ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಾಗಿಲು ತೆರೆದದ್ದು ಯಾವಾಗ

ಈ ಪ್ರಕರಣವನ್ನು 2008ರಿಂದ, ಅಂದರೆ ಯಡಿಯೂರಪ್ಪ ಅವರು ಮುಖ್ಯಮಂತ್ರಿಯಾದ ವರ್ಷದಿಂದ ಶುರುಮಾಡುವುದು ರೂಢಿಯಾಗಿಬಿಟ್ಟಿದೆ. ಅದು ಅವರಿಗೂ ನ್ಯಾಯವಲ್ಲ, ವಿಷಯಕ್ಕೂ ನ್ಯಾಯವಲ್ಲ. 1993ರ ರಾಷ್ಟ್ರೀಯ ಖನಿಜ ನೀತಿಯು ಅಲ್ಲಿಯವರೆಗೆ ಸಾರ್ವಜನಿಕ ವಲಯಕ್ಕೆ ಮೀಸಲಾಗಿದ್ದ, ಕಬ್ಬಿಣದ ಅದಿರೂ ಒಳಗೊಂಡಂತೆ 13 ಖನಿಜಗಳನ್ನು ಖಾಸಗಿಯವರಿಗೆ ತೆರೆದಿಟ್ಟಿತು. ಹತ್ತು ವರ್ಷಗಳ ನಂತರ, 2003ರ ಮಾರ್ಚ್ 15ರಂದು, ಎಸ್.ಎಂ. ಕೃಷ್ಣ ಅವರ ನೇತೃತ್ವದ ರಾಜ್ಯ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ, ಸರ್ಕಾರಿ ಗಣಿಗಾರಿಕೆಗೆಂದು ಕಾಯ್ದಿರಿಸಿದ್ದ 11,620 ಚದರ ಕಿಲೋಮೀಟರ್ ಪ್ರದೇಶದ ಮೀಸಲನ್ನು ತೆಗೆದುಹಾಕಿತು. ಆ ಅಂಕಿಯ ಅಗಾಧತೆ ಓದಿದ ಕೂಡಲೇ ಮನಸ್ಸಿಗೆ ಇಳಿಯುವುದಿಲ್ಲವಾದ್ದರಿಂದ ವಿದ್ಯಾರ್ಥಿಗಳಿಗೆ ಒಂದು ಹೋಲಿಕೆ ಕೊಡುತ್ತೇನೆ: ಪಾವಗಡದಿಂದ ಕುಣಿಗಲ್‌ವರೆಗೆ ಹರಡಿರುವ ನಮ್ಮ ಇಡೀ ತುಮಕೂರು ಜಿಲ್ಲೆಯ ವಿಸ್ತೀರ್ಣ 10,597 ಚದರ ಕಿಲೋಮೀಟರ್. ಅದಕ್ಕಿಂತ ದೊಡ್ಡ ಪ್ರದೇಶದ ಹಣೆಬರಹವನ್ನು ಬದಲಿಸಲು ಒಂದು ಅಧಿಸೂಚನೆ ಸಾಕಾಯಿತು.

ಅದೇ ಹೊತ್ತಿಗೆ ಚೀನಾದ ಉಕ್ಕಿನ ಹಸಿವು ಹೆಚ್ಚಿತು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಅದಿರಿನ ಬೆಲೆ ಏರುತ್ತಾ ಹೋಗಿ ಟನ್ನಿಗೆ ಸಾವಿರಾರು ರೂಪಾಯಿ ಮುಟ್ಟಿತು. ಆದರೆ ನೆಲದ ಒಡೆಯನಾದ ಸರ್ಕಾರಕ್ಕೆ ಸಲ್ಲುತ್ತಿದ್ದ ರಾಜಧನ ಟನ್ನಿಗೆ ಅತಿ ಹೆಚ್ಚೆಂದರೆ 27 ರೂಪಾಯಿ. ಬೆಲೆ ಏರಿದರೂ ರಾಜಧನ ಏರುವಂತಿರಲಿಲ್ಲ, ಏಕೆಂದರೆ ಅದನ್ನು ತೂಕದ ಮೇಲೆ ನಿಗದಿ ಮಾಡಲಾಗಿತ್ತು. ಮಾರಾಟದ ಬೆಲೆಯ ಶೇ 10ರಷ್ಟು ಎಂದು ಅದನ್ನು ಬದಲಿಸಿದ್ದು 2009ರ ಆಗಸ್ಟ್‌ನಲ್ಲಿ, ಭರಾಟೆಯ ದೊಡ್ಡ ಭಾಗ ಮುಗಿದ ಮೇಲೆ. ಈ ಎರಡು ಬೆಲೆಗಳ ನಡುವಿನ ಅಂತರ ಪೂರ್ತಿ ಕಾನೂನುಬದ್ಧವಾಗಿಯೇ ಖಾಸಗಿಯವರ ಪಾಲಾಯಿತು. ಭಾವನ ಪ್ರಶ್ನೆಗೆ ಉತ್ತರದ ಮೊದಲ ತುಂಡು ಇಲ್ಲಿದೆ ಎಂದು ನನ್ನ ಅಭಿಪ್ರಾಯ. ಗುಡ್ಡದ ಬಹುಪಾಲು ಕಳ್ಳತನದಿಂದ ಹೋಗುವುದಕ್ಕೆ ಮುಂಚೆಯೇ ಕಡತದಲ್ಲಿ ಹೋಗಿತ್ತು.

ಕಳ್ಳತನವೂ ಆಯಿತು ಎಂಬುದರಲ್ಲಿ ಸಂಶಯವಿಲ್ಲ. ಚಿಕ್ಕನಾಯಕನಹಳ್ಳಿ, ಗುಬ್ಬಿ, ತಿಪಟೂರು ತಾಲ್ಲೂಕುಗಳ ಕಬ್ಬಿಣದ ಗುಡ್ಡಗಳು ಬಳ್ಳಾರಿ, ಸಂಡೂರಿನಷ್ಟು ಹೆಸರಾದವಲ್ಲ. ಪತ್ರಿಕೆಗಳಲ್ಲಿ ನಮ್ಮ ಜಿಲ್ಲೆಯ ಹೆಸರು ಯಾವಾಗಲೂ ಬಳ್ಳಾರಿ, ಚಿತ್ರದುರ್ಗಗಳ ನಂತರ, ಮೂರನೆಯದಾಗಿ ಬರುತ್ತಿತ್ತು. ಆದರೆ ಮೈನ್ಸ್ ಹಾದಿಯ ಪಕ್ಕದ ತೋಟ ಹೇಗಿತ್ತು ಎಂಬುದನ್ನು ನಾನು ಕಣ್ಣಾರೆ ಕಂಡವನು. ಅಕ್ಕನ ತೋಟದಲ್ಲಿ ರಸ್ತೆಗೆ ಮೊದಲು ಸಿಗುವ ನಾಲ್ಕು ಸಾಲು ತೆಂಗಿನ ಗರಿಗಳಿಗೆ ಬೇಸಿಗೆಯಲ್ಲಿ ಹಸಿರು ಎಂಬುದೇ ಇರುತ್ತಿರಲಿಲ್ಲ, ಇಟ್ಟಿಗೆಯ ಬಣ್ಣ ಇರುತ್ತಿತ್ತು. ಕಾಯಿ ಕೆಡವಲು ಮರ ಹತ್ತಿದವನು ಅಂಗೈ, ಎದೆ, ಹುಬ್ಬು ಕೆಂಪಾಗಿ ಇಳಿದು ಬರುತ್ತಿದ್ದ. ಹಿತ್ತಲಲ್ಲಿ ಒಣಹಾಕಿದ ಬಟ್ಟೆಯನ್ನು ಅಕ್ಕ ಒಳಗೆ ತಂದು ಮತ್ತೆ ಜಾಡಿಸಿ ಮಡಚುತ್ತಿದ್ದಳು. ಮೊದಲ ಮಳೆ ಬಿದ್ದ ದಿನ ಗರಿಗಳಿಂದ ಇಳಿದ ಕೆಂಪು ನೀರು ಬುಡದ ಪಾತಿಯಲ್ಲಿ ನಿಂತು, ಒಣಗಿ, ಹೆಂಚಿನಂತೆ ಪಕಳೆ ಏಳುತ್ತಿತ್ತು. ಹತ್ತು ಗಾಲಿಯ ಲಾರಿಗಳು ಮಿತಿ ಮೀರಿ ತುಂಬಿಕೊಂಡು, ಮೇಲೊಂದು ಟಾರ್ಪಾಲು ಹೊದ್ದು, ಹಗಲೂ ರಾತ್ರಿ ಹೋಗುತ್ತಿದ್ದವು. ಒಂದು ದಿನ ರಸ್ತೆಯಲ್ಲಿ ಬಿದ್ದು ಸಿಕ್ಕಿದ ಪರ್ಮಿಟ್ ಚೀಟಿಯೊಂದನ್ನು ಭಾವ ತೋರಿಸಿದರು. ಲಾರಿಯ ಸಂಖ್ಯೆ, ತೂಕ, ಹೊರಟ ಸ್ಥಳ ಎಲ್ಲವೂ ಅಚ್ಚುಕಟ್ಟಾಗಿ ಇದ್ದವು. ದಿನಾಂಕದ ಜಾಗ ಮಾತ್ರ ಖಾಲಿಯಿತ್ತು. ಒಂದೇ ಚೀಟಿಯಲ್ಲಿ ಎಷ್ಟು ಸಲ ಹೋಗಿ ಬರಬಹುದೆಂದು ಆ ಖಾಲಿ ಜಾಗವೇ ಹೇಳುತ್ತಿತ್ತು.

ಗುಮಾಸ್ತನಿಂದ ಮುಖ್ಯಮಂತ್ರಿಯವರೆಗೆ

ಯಡಿಯೂರಪ್ಪ ಅವರ ರಾಜಕೀಯ ಬದುಕನ್ನು ಹಗುರವಾಗಿ ನೋಡುವವರ ಜೊತೆ ನಾನಿಲ್ಲ. 1943ರಲ್ಲಿ ಮಂಡ್ಯ ಜಿಲ್ಲೆಯ ಬೂಕನಕೆರೆಯಲ್ಲಿ ಹುಟ್ಟಿ, ಶಿಕಾರಿಪುರದ ಅಕ್ಕಿ ಗಿರಣಿಯಲ್ಲಿ ಗುಮಾಸ್ತರಾಗಿ ದುಡಿದು, 1983ರಲ್ಲಿ ಶಾಸಕರಾದವರು. ದಕ್ಷಿಣ ಭಾರತದಲ್ಲಿ ತಮ್ಮ ಪಕ್ಷಕ್ಕೆ ನೆಲೆಯೇ ಇಲ್ಲದ ಕಾಲದಲ್ಲಿ ಹಳ್ಳಿಹಳ್ಳಿ ಸುತ್ತಿ, ರೈತರ ಪರ ಹೋರಾಟಗಳನ್ನು ಕಟ್ಟಿ ಮೇಲೆ ಬಂದವರು. 2006ರ ಫೆಬ್ರುವರಿಯಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರ ಸಮ್ಮಿಶ್ರ ಸರ್ಕಾರದಲ್ಲಿ ಉಪಮುಖ್ಯಮಂತ್ರಿಯಾಗಿ ಹಣಕಾಸು ಖಾತೆಯನ್ನು ಹೊಂದಿದ್ದರು. 2007ರ ನವೆಂಬರ್‌ನಲ್ಲಿ ಏಳು ದಿನ ಮುಖ್ಯಮಂತ್ರಿಯಾಗಿದ್ದರು. ಕುಮಾರಸ್ವಾಮಿ ಅವರ ಜೆಡಿಎಸ್ ಕೊಟ್ಟ ಮಾತಿನಂತೆ ಅಧಿಕಾರ ಹಸ್ತಾಂತರಿಸಲಿಲ್ಲ ಎಂಬ ಜನರ ಮರುಕ ಅವರ ಪರ ಕೆಲಸ ಮಾಡಿತು. ತುಮಕೂರಿನಂತಹ, ಸಿದ್ಧಗಂಗಾ ಮಠದ ನೆರಳಿನಲ್ಲಿ ಬೆಳೆದ ಜಿಲ್ಲೆಯಲ್ಲಿ ಆ ಮರುಕ ಎಷ್ಟು ಆಳವಾಗಿತ್ತು ಎಂಬುದನ್ನು ಆ ದಿನಗಳ ಹೋಟೆಲು, ಬಸ್‌ಸ್ಟ್ಯಾಂಡುಗಳ ಮಾತು ಕೇಳಿದವರೆಲ್ಲ ಬಲ್ಲರು.

2008ರ ಮೇ ತಿಂಗಳ ಚುನಾವಣೆಯಲ್ಲಿ ಬಿಜೆಪಿ 224ರಲ್ಲಿ 110 ಸ್ಥಾನ ಗೆದ್ದಿತು. ಬಹುಮತಕ್ಕೆ ಮೂರು ಸ್ಥಾನ ಕೊರತೆ. ಈ ಮೂರು ಸ್ಥಾನಗಳ ಕೊರತೆಯೇ ಮುಂದಿನ ಮೂರು ವರ್ಷಗಳ ರಾಜಕೀಯವನ್ನು ರೂಪಿಸಿತು ಎಂದು ನಾನು ಭಾವಿಸುತ್ತೇನೆ. ಪಕ್ಷೇತರರನ್ನು ಸಚಿವರನ್ನಾಗಿಸಿ, ಅನ್ಯ ಪಕ್ಷಗಳ ಶಾಸಕರಿಂದ ರಾಜೀನಾಮೆ ಕೊಡಿಸಿ ಮತ್ತೆ ಗೆಲ್ಲಿಸಿಕೊಳ್ಳುವ, "ಆಪರೇಷನ್ ಕಮಲ" ಎಂದು ಜನ ಹೆಸರಿಟ್ಟ ಕ್ರಮ ಅಲ್ಲಿಂದ ಆರಂಭವಾಯಿತು. ಇಂಥ ರಾಜಕೀಯಕ್ಕೆ ಹಣ ಬೇಕು, ಆ ವರ್ಷಗಳಲ್ಲಿ ಕರ್ನಾಟಕದಲ್ಲಿ ಹಣ ಅಗೆದು ತೆಗೆಯುವ ಜಾಗ ಯಾವುದೆಂದು ಎಲ್ಲರಿಗೂ ತಿಳಿದಿತ್ತು. ಬಳ್ಳಾರಿಯ ಗಣಿ ಉದ್ಯಮಿಗಳಾದ ರೆಡ್ಡಿ ಸಹೋದರರು ಸಂಪುಟದಲ್ಲಿದ್ದರು. 2009ರ ಅಕ್ಟೋಬರ್–ನವೆಂಬರ್‌ನಲ್ಲಿ ಅವರು ಶಾಸಕರ ಗುಂಪು ಕಟ್ಟಿಕೊಂಡು ಬಂಡೆದ್ದಾಗ ಮುಖ್ಯಮಂತ್ರಿ ತಮ್ಮ ಆಪ್ತ ಸಚಿವೆಯನ್ನು ಕೈಬಿಡಬೇಕಾಯಿತು, ಟೀವಿಯ ಮುಂದೆ ಕಣ್ಣೀರು ಹಾಕಬೇಕಾಯಿತು. ಗಣಿಯಿಂದ ಬಂದ ಬಲ ಮುಖ್ಯಮಂತ್ರಿಗಿಂತ ದೊಡ್ಡದಾಗಿ ಬೆಳೆದಿತ್ತು ಎಂಬುದಕ್ಕೆ ಆ ಕಣ್ಣೀರಿಗಿಂತ ಬೇರೆ ಸಾಕ್ಷಿ ಬೇಕೆಂದು ನನಗೆ ಅನ್ನಿಸುವುದಿಲ್ಲ.

ಅವರ ಪರವಾಗಿ ಹೇಳಬೇಕಾದ ಮಾತನ್ನೂ ಹೇಳಬೇಕು. 2010ರ ಮಾರ್ಚ್‌ನಲ್ಲಿ ಬೇಲೆಕೇರಿ ಬಂದರಿನಲ್ಲಿ ಸುಮಾರು 8 ಲಕ್ಷ ಟನ್ ಅದಿರನ್ನು ಅರಣ್ಯ ಇಲಾಖೆ ಜಪ್ತಿ ಮಾಡಿತ್ತು. ಅದರಲ್ಲಿ ಸುಮಾರು 5 ಲಕ್ಷ ಟನ್ ಜಪ್ತಿಯಲ್ಲಿದ್ದಾಗಲೇ ಹಡಗು ಹತ್ತಿ ಹೋಯಿತು. ಈ ವಿಷಯದಲ್ಲಿ ಪ್ರಾಮಾಣಿಕ ಅಧಿಕಾರಿಯೊಬ್ಬರನ್ನು ಅಮಾನತುಗೊಳಿಸಲು ಹೊರಟಾಗ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು ಜೂನ್ 23ರಂದು ರಾಜೀನಾಮೆ ಸಲ್ಲಿಸಿ, ಮನವೊಲಿಕೆಯ ನಂತರ ಹಿಂಪಡೆದರು. ಜುಲೈ 25ರಂದು ಆಗಿನ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ ಅವರು ಅಕ್ರಮ ಗಣಿಗಾರಿಕೆಯನ್ನು ವಿರೋಧಿಸಿ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಹೊರಟರು. ಅದೇ ತಿಂಗಳ ಕೊನೆಯಲ್ಲಿ ಯಡಿಯೂರಪ್ಪ ಅವರ ಸರ್ಕಾರ ಅದಿರು ರಫ್ತಿಗೆ ಪರ್ಮಿಟ್ ಕೊಡುವುದನ್ನೇ ನಿಲ್ಲಿಸಿತು. ಒತ್ತಡಕ್ಕೆ ಮಣಿದು ಮಾಡಿದ್ದು ಎಂದು ಅದನ್ನು ತಳ್ಳಿಹಾಕುವುದು ಸುಲಭ. ಆದರೆ ತಮ್ಮ ಕುರ್ಚಿಯನ್ನು ಅಲುಗಾಡಿಸಬಲ್ಲವರ ಹೊಟ್ಟೆಗೇ ಪೆಟ್ಟು ಕೊಡುವ ಆದೇಶ ಅದಾಗಿತ್ತು. ನಮ್ಮೂರ ಹಾದಿಯಲ್ಲಿ ರಾತ್ರಿಯ ಲಾರಿಗಳ ಸದ್ದು ಇಳಿದದ್ದು ಆ ಮಳೆಗಾಲದಲ್ಲಿ. ಎರಡು ಮೂರು ವರ್ಷಗಳ ನಂತರ ಮೊದಲ ಸಲ ಕಿಟಕಿ ತೆರೆದು ಮಲಗಿದೆವು ಎಂದು ಅಕ್ಕ ಇಂದಿಗೂ ನೆನೆಯುತ್ತಾಳೆ.

ವರದಿ, ರಾಜೀನಾಮೆ, ಮೊಕದ್ದಮೆ

ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತರ ಮೊದಲ ವರದಿ 2008ರ ಡಿಸೆಂಬರ್ 18ರಂದು, ಅಂತಿಮ ವರದಿ 2011ರ ಜುಲೈ 27ರಂದು ಸಲ್ಲಿಕೆಯಾದವು. ಮೊದಲ ವರದಿಯು ಮಾಜಿ ಮುಖ್ಯಮಂತ್ರಿ ಧರ್ಮಸಿಂಗ್ ಅವರಿಂದ 23.22 ಕೋಟಿ ರೂಪಾಯಿ ನಷ್ಟ ವಸೂಲು ಮಾಡಬೇಕೆಂದು ಶಿಫಾರಸು ಮಾಡಿತ್ತು; ಅಂತಿಮ ವರದಿಯಲ್ಲಿ ಯಡಿಯೂರಪ್ಪ ಅವರ ಜೊತೆಗೆ ಕುಮಾರಸ್ವಾಮಿ ಅವರ ಹೆಸರೂ ಇತ್ತು. ಅಂದರೆ ಮೂರು ಪಕ್ಷಗಳ ಮುಖ್ಯಮಂತ್ರಿಗಳು ಎರಡು ವರದಿಗಳಲ್ಲಿ ಬಂದರು. ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಗಡಿ, ಗುಂಡಿ, ತೂಕದ ಸೇತುವೆ, ಬಂದರು, ಬ್ಯಾಂಕ್ ಖಾತೆಗಳನ್ನು ಒಂದೊಂದಾಗಿ ತಾಳೆ ನೋಡಿ ಕಟ್ಟಿದ ಅಂತಿಮ ವರದಿ ಅನುಬಂಧಗಳೂ ಸೇರಿ 25 ಸಾವಿರ ಪುಟ ದಾಟಿತ್ತು. 2006ರಿಂದ 2010ರವರೆಗೆ 2.98 ಕೋಟಿ ಟನ್ ಅದಿರು ಪರ್ಮಿಟ್ ಇಲ್ಲದೆ ರಫ್ತಾಗಿದೆ, ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಅದು ಲೆಕ್ಕ ಹಾಕಿತು.

ಆ ಬೃಹತ್ ವರದಿಯಲ್ಲಿ ಮುಖ್ಯಮಂತ್ರಿಯವರಿಗೆ ನೇರವಾಗಿ ತಗುಲಿದ ಭಾಗ ಚಿಕ್ಕದು. ಅವರ ಮಕ್ಕಳು ಮತ್ತು ಅಳಿಯ ಬೆಂಗಳೂರಿನ ರಾಚೇನಹಳ್ಳಿಯಲ್ಲಿ 2006ರಲ್ಲಿ 40 ಲಕ್ಷ ರೂಪಾಯಿಗೆ ಕೊಂಡಿದ್ದ ಸುಮಾರು ಒಂದು ಎಕರೆ ಜಮೀನನ್ನು ಗಣಿ ಕಂಪನಿಯೊಂದು 20 ಕೋಟಿಗೆ ಕೊಂಡಿತು. ಅವರ ಕುಟುಂಬದ ಪ್ರೇರಣಾ ಶಿಕ್ಷಣ ಟ್ರಸ್ಟ್‌ಗೆ ಅದೇ ಮೂಲದಿಂದ ದೇಣಿಗೆಯೂ ಬಂತು. ದೇಣಿಗೆ ಮತ್ತು ಜಮೀನಿನ ಹಣ ಒಟ್ಟು 40 ಕೋಟಿ ಎಂದು ಮುಂದೆ ಸಿಬಿಐ ಆರೋಪಿಸಿತು. ವರದಿ ಸಲ್ಲಿಕೆಯಾದ ನಾಲ್ಕನೆಯ ದಿನ, ಜುಲೈ 31ರಂದು, ಯಡಿಯೂರಪ್ಪ ರಾಜೀನಾಮೆ ಕೊಟ್ಟರು.

ಅಲ್ಲಿಂದ ಮುಂದಿನದು ಕಾನೂನಿನ ವಿದ್ಯಾರ್ಥಿ ಗಮನವಿಟ್ಟು ಓದಬೇಕಾದ ಭಾಗ, ಏಕೆಂದರೆ ಎರಡು ಬೇರೆಬೇರೆ ಸಂಗತಿಗಳು ಜನರ ನೆನಪಿನಲ್ಲಿ ಬೆಸೆದುಹೋಗಿವೆ. 2011ರ ಅಕ್ಟೋಬರ್ 15ರಂದು ಅವರು ಜೈಲಿಗೆ ಹೋದದ್ದು ಗಣಿ ಪ್ರಕರಣದಲ್ಲಿ ಅಲ್ಲ. ವಕೀಲರಿಬ್ಬರ ಖಾಸಗಿ ದೂರಿನಿಂದ ಹುಟ್ಟಿದ, ರಾಜ್ಯಪಾಲ ಎಚ್.ಆರ್. ಭಾರದ್ವಾಜ್ ಅವರು ಆ ವರ್ಷದ ಜನವರಿಯಲ್ಲಿ ಅಭಿಯೋಜನೆಗೆ ಮಂಜೂರಾತಿ ಕೊಟ್ಟಿದ್ದ ಡಿನೋಟಿಫಿಕೇಶನ್ (ಸ್ವಾಧೀನಕ್ಕೆಂದು ಅಧಿಸೂಚಿಸಿದ್ದ ಜಮೀನನ್ನು ಕೈಬಿಟ್ಟ) ಪ್ರಕರಣದಲ್ಲಿ. ನವೆಂಬರ್ 8ರಂದು ಹೈಕೋರ್ಟ್ ಜಾಮೀನು ಕೊಟ್ಟಿತು. ಗಣಿ ವರದಿಯ ಆಧಾರದ ಮೇಲೆ ದಾಖಲಾಗಿದ್ದ ಎಫ್‌ಐಆರ್ ಅನ್ನು ಹೈಕೋರ್ಟ್ 2012ರ ಮಾರ್ಚ್ 7ರಂದು ರದ್ದುಪಡಿಸಿತು. ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡಿದ್ದಾಗ, ಎಸ್.ಆರ್. ಹಿರೇಮಠ ಅವರ ಸಮಾಜ ಪರಿವರ್ತನ ಸಮುದಾಯವು 2009ರಲ್ಲಿಯೇ ಸುಪ್ರೀಂ ಕೋರ್ಟ್‌ನಲ್ಲಿ ಹೂಡಿದ್ದ ಅರ್ಜಿಯಲ್ಲಿ, ನ್ಯಾಯಾಲಯದ ಪರವಾಗಿ ಪರಿಶೀಲನೆ ನಡೆಸುವ ಕೇಂದ್ರೀಯ ಉನ್ನತಾಧಿಕಾರ ಸಮಿತಿಯ ಶಿಫಾರಸನ್ನು ಒಪ್ಪಿ, 2012ರ ಮೇ 11ರಂದು ಸಿಬಿಐ ತನಿಖೆಗೆ ಆದೇಶವಾಯಿತು. ಅಕ್ಟೋಬರ್‌ನಲ್ಲಿ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು. ನಾಲ್ಕು ವರ್ಷಗಳ ನಂತರ ಬಂದ ಖುಲಾಸೆಯ ತೀರ್ಪಿನಿಂದಲೇ ನಾನು ಈ ಬರಹವನ್ನು ಆರಂಭಿಸಿದ್ದೇನೆ.

ಆ ತೀರ್ಪನ್ನು ನಾನು ಗೌರವದಿಂದಲೇ ಕಾಣುತ್ತೇನೆ, ವಿದ್ಯಾರ್ಥಿಗಳಿಗೂ ಹಾಗೆಯೇ ಹೇಳುತ್ತೇನೆ. ಜಮೀನಿನ ಬೆಲೆಯೂ ದೇಣಿಗೆಯೂ ಒಂದು ಉಪಕಾರಕ್ಕೆ ಪ್ರತಿಯಾಗಿ ಬಂದ ಲಂಚ ಎಂದು ಸಾಧಿಸುವ ಹೊಣೆ ಸಿಬಿಐ ಮೇಲಿತ್ತು. ಅದನ್ನು ಸಾಧಿಸಲು ಸಿಬಿಐಗೆ ಆಗಲಿಲ್ಲ. ಹಾಗಾದ ಮೇಲೆ ಅವರನ್ನು ಆ ಆರೋಪದ ನೆರಳಿನಲ್ಲಿ ನಿಲ್ಲಿಸುವ ಹಕ್ಕು ಯಾರಿಗೂ ಇಲ್ಲ. ನನ್ನ ತಕರಾರು ಪ್ರಶ್ನೆಯನ್ನು ಕಿರಿದುಗೊಳಿಸಿದ ಬಗೆಯದು. 11,620 ಚದರ ಕಿಲೋಮೀಟರ್ ಮೀಸಲು ಕಳಚಿದ್ದು, 27 ರೂಪಾಯಿಯ ರಾಜಧನ, 2.98 ಕೋಟಿ ಟನ್ ಅದಿರು, 16,085 ಕೋಟಿ ನಷ್ಟ ಇಷ್ಟೂ ಇದ್ದ ವಿಷಯವು ಕೊನೆಗೆ ಒಂದು ಎಕರೆ ಜಮೀನಿನ ಬೆಲೆ ಸರಿಯೇ ಎಂಬ ಪ್ರಶ್ನೆಯಾಗಿ ಕಟಕಟೆಗೆ ಬಂತು. ಲಂಚವನ್ನು ವಿಚಾರಿಸಲು ಕಾನೂನಿನಲ್ಲಿ ಕಲಮು ಇದೆ. ಸಾರ್ವಜನಿಕ ಸ್ವತ್ತನ್ನು ಹರಾಜಿಲ್ಲದೆ, ಬೆಲೆ ಕಟ್ಟದೆ, ವಿಧಿವತ್ತಾದ ಅಧಿಸೂಚನೆಯ ಮೂಲಕ ಬಿಟ್ಟುಕೊಡುವುದನ್ನು ವಿಚಾರಿಸಲು ಅಂಥ ಕಲಮು ಇರಲಿಲ್ಲ. ಗಣಿ ಗುತ್ತಿಗೆಗೆ ಹರಾಜು ಕಡ್ಡಾಯ ಎಂದು ಸಂಸತ್ತು ಕಾಯ್ದೆ ತಿದ್ದಿದ್ದು 2015ರಲ್ಲಿ.

ಸುಪ್ರೀಂ ಕೋರ್ಟ್‌ನ ಅದೇ ಅರ್ಜಿಯಲ್ಲಿ ಇನ್ನೊಂದು ಬಗೆಯ ವಿಚಾರಣೆ ನಡೆಯಿತು, ಹಳ್ಳಿಯವರಿಗೆ ಏನಾದರೂ ಸಿಕ್ಕಿದ್ದರೆ ಅಲ್ಲಿಂದಲೇ ಸಿಕ್ಕಿದ್ದು. 2011ರ ಜುಲೈ 29ರಂದು ಬಳ್ಳಾರಿಯಲ್ಲಿ, ಆಗಸ್ಟ್ 26ರಂದು ತುಮಕೂರು ಮತ್ತು ಚಿತ್ರದುರ್ಗದಲ್ಲಿ ಗಣಿಗಾರಿಕೆ ನಿಂತಿತು. ಗುತ್ತಿಗೆಯ ಗಡಿಗಳನ್ನು ಮತ್ತೆ ಅಳೆದು 166 ಗಣಿಗಳನ್ನು ಮೂರು ವರ್ಗ ಮಾಡಿದರು: ಅಕ್ರಮವಿಲ್ಲದ ಅಥವಾ ಅತ್ಯಲ್ಪ ಅಕ್ರಮದ 45 ಎ ವರ್ಗಕ್ಕೆ, ಗುಂಡಿಯಲ್ಲಿ ಶೇ 10, ರಾಶಿ ಹಾಕಿದ ಜಾಗದಲ್ಲಿ ಶೇ 15ರವರೆಗೆ ಒತ್ತುವರಿ ಮಾಡಿದ 72 ಬಿ ವರ್ಗಕ್ಕೆ, ಅದಕ್ಕೂ ಮೀರಿದ 49 ಸಿ ವರ್ಗಕ್ಕೆ ಸೇರಿದವು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ–ತುಮಕೂರು ಎರಡೂ ಸೇರಿ 50 ಲಕ್ಷ ಟನ್ ಎಂದು ಅದಿರು ತೆಗೆಯುವುದಕ್ಕೆ ಮಿತಿ ಬಿತ್ತು. ಇಲ್ಲಿ ಯಾರ ಮನಸ್ಸಿನಲ್ಲಿ ಏನಿತ್ತು ಎಂದು ಯಾರೂ ಸಾಬೀತು ಮಾಡಬೇಕಿರಲಿಲ್ಲ. ನೆಲವನ್ನು ಅಳೆದರು, ಗುಂಡಿಯನ್ನು ಅಳೆದರು, ಲೆಕ್ಕ ಹಾಕಿದರು. ಸರ್ವೆಯವರು ಸರಪಳಿ, ಯಂತ್ರ ಹಿಡಿದು ಬಂದ ದಿನ ಭಾವ ತೋಟದ ಕೆಲಸ ಬಿಟ್ಟು ಗುಡ್ಡದ ಬುಡದಲ್ಲಿ ಸಂಜೆಯವರೆಗೂ ನಿಂತು ನೋಡಿದ್ದರಂತೆ.

ಜನರ ತೀರ್ಪು ಮತ್ತು ತೋರಣಗಲ್ಲಿನ ಜಮೀನು

ರಾಜಕೀಯ ಬದುಕು ಅಲ್ಲಿಗೆ ಮುಗಿಯಲಿಲ್ಲ. 2012ರ ನವೆಂಬರ್ 30ರಂದು ಬಿಜೆಪಿ ತೊರೆದ ಯಡಿಯೂರಪ್ಪ ಕಟ್ಟಿದ ಕರ್ನಾಟಕ ಜನತಾ ಪಕ್ಷ (ಕೆಜೆಪಿ), 2013ರ ಚುನಾವಣೆಯಲ್ಲಿ ಗೆದ್ದದ್ದು ಆರೇ ಸ್ಥಾನ. ಆದರೆ ಹತ್ತಿರಹತ್ತಿರ ಶೇ 10ರಷ್ಟು ಮತ ಪಡೆದು ಬಿಜೆಪಿಯನ್ನು 110ರಿಂದ 40ಕ್ಕೆ ಇಳಿಸಿತು. ಅವರಿಲ್ಲದೆ ತಾನು ಏನು ಎಂಬುದು ಪಕ್ಷಕ್ಕೆ ತಿಳಿಯಿತು. 2014ರ ಆರಂಭದಲ್ಲಿ ಅವರು ಮರಳಿದರು, ಶಿವಮೊಗ್ಗದ ಸಂಸದರಾದರು, 2018ರ ಮೇ ತಿಂಗಳಲ್ಲಿ ಮತ್ತೆ ಎರಡು ದಿನ, 2019ರ ಜುಲೈನಿಂದ ಎರಡು ವರ್ಷ ಮುಖ್ಯಮಂತ್ರಿಯಾದರು. ನಮ್ಮ ಜಿಲ್ಲೆಯ ಮತದಾರರು ಭ್ರಷ್ಟಾಚಾರವನ್ನು ಲೆಕ್ಕಿಸಲಿಲ್ಲ ಎಂದು ಇದನ್ನು ಓದುವುದು ಅವಸರದ ಓದು. ಎಲ್ಲ ಪಕ್ಷಗಳ ಹೆಸರೂ ವರದಿಯಲ್ಲಿದ್ದಾಗ ಒಬ್ಬರನ್ನು ಮಾತ್ರ ಬಲಿಕೊಟ್ಟರು ಎಂಬ ಭಾವನೆ ಇಲ್ಲಿ ಗಟ್ಟಿಯಾಗಿತ್ತು, ಅದರಲ್ಲಿ ಹುರುಳಿರಲಿಲ್ಲ ಎನ್ನಲಾರೆ. ವರದಿ ಬರೆದ ಸಂಸ್ಥೆಗೂ ಮುಂದೆ ಒಳ್ಳೆಯ ದಿನಗಳು ಬರಲಿಲ್ಲ: 2016ರ ಮಾರ್ಚ್‌ನಲ್ಲಿ, ಪಾದಯಾತ್ರೆ ಮಾಡಿ ಅಧಿಕಾರಕ್ಕೆ ಬಂದವರ ಸರ್ಕಾರವೇ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ರಚಿಸಿ ಲೋಕಾಯುಕ್ತದ ಪೊಲೀಸ್ ಬಲವನ್ನು ಕಿತ್ತುಕೊಂಡಿತು, ಹೈಕೋರ್ಟ್ ಅದನ್ನು ರದ್ದುಪಡಿಸಿದ್ದು 2022ರ ಆಗಸ್ಟ್‌ನಲ್ಲಿ.

ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಬೆಳಕು ಚೆಲ್ಲುವ ಘಟ್ಟವೆಂದು ಕಂಡದ್ದು ಯಾರನ್ನೂ ಜೈಲಿಗೆ ಕಳಿಸದ ಒಂದು ಜಮೀನು ಮಾರಾಟ. ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿ 3,667 ಎಕರೆಯನ್ನು ಜಿಂದಾಲ್ ಉಕ್ಕು ಕಂಪನಿಗೆ 2006–07ರಲ್ಲಿ ಗುತ್ತಿಗೆ ಮತ್ತು ಮಾರಾಟದ ಕರಾರಿನ ಮೇಲೆ ಕೊಡಲಾಗಿತ್ತು. 2019ರ ಮೇ ತಿಂಗಳಲ್ಲಿ ಕುಮಾರಸ್ವಾಮಿ ಅವರ ಸಂಪುಟ ಅದನ್ನು ಶುದ್ಧ ಕ್ರಯಕ್ಕೆ ಕೊಡಲು ತೀರ್ಮಾನಿಸಿತು: ಸುಮಾರು 2,000 ಎಕರೆಗೆ ಎಕರೆಗೆ 1.22 ಲಕ್ಷ, ಉಳಿದದ್ದಕ್ಕೆ 1.50 ಲಕ್ಷ ರೂಪಾಯಿ. ವಿರೋಧ ಪಕ್ಷದ ನಾಯಕರಾಗಿದ್ದ ಯಡಿಯೂರಪ್ಪ ಅವರು ಜೂನ್‌ನಲ್ಲಿ ಬೆಂಗಳೂರಿನಲ್ಲಿ ಅಹೋರಾತ್ರಿ ಧರಣಿ ಕುಳಿತರು, ತೀರ್ಮಾನ ತಡೆಹಿಡಿಯಲ್ಪಟ್ಟಿತು. ಎರಡು ವರ್ಷ ಕಳೆಯುವುದರೊಳಗೆ, 2021ರ ಏಪ್ರಿಲ್ 26ರಂದು, ಕೋವಿಡ್‌ನ ಎರಡನೆಯ ಅಲೆ ಏರುತ್ತಿದ್ದ ದಿನಗಳಲ್ಲಿ, ಅವರದೇ ಸಂಪುಟ ಅದೇ ಜಮೀನನ್ನು ಅದೇ ಕಂಪನಿಗೆ ಕೊಡಲು ಒಪ್ಪಿತು. ಸ್ವಪಕ್ಷದ ಶಾಸಕರೇ ತಿರುಗಿಬಿದ್ದ ಮೇಲೆ ಮೇ 27ರಂದು ಮತ್ತೆ ತಡೆಹಿಡಿಯಿತು. ಕೊನೆಗೆ 2024ರ ಆಗಸ್ಟ್ 22ರಂದು ಸಿದ್ದರಾಮಯ್ಯ ಅವರ ಸಂಪುಟ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು. ಮೂರು ಪಕ್ಷಗಳ ಮೂರು ಮುಖ್ಯಮಂತ್ರಿಗಳು, ಒಂದೇ ಜಮೀನು. ಕುರ್ಚಿಯ ಎದುರಿಗೆ ಕುಳಿತಾಗ ಕಾಣುವ ಅನ್ಯಾಯ ಕುರ್ಚಿಯಲ್ಲಿ ಕುಳಿತಾಗ ಕಾಣುವುದಿಲ್ಲವೆಂದರೆ, ಆ ಮನುಷ್ಯನ ಪ್ರಾಮಾಣಿಕತೆಯನ್ನು ಮಾತ್ರ ತೂಗಿ ಪ್ರಯೋಜನವಿಲ್ಲ. ಆ ಕುರ್ಚಿಯ ಮೇಲೆ ಯಾರ ಭಾರ ಬೀಳುತ್ತದೆ ಎಂಬುದನ್ನು ತೂಗಬೇಕು. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ. ಉದ್ಯೋಗ ಕೊಡುವ ಕಾರ್ಖಾನೆಗೆ ಕರಾರಿನಂತೆ ಜಮೀನು ಕೊಡಬೇಕಾದದ್ದು ಸರ್ಕಾರದ ಮಾತಿನ ಪ್ರಶ್ನೆ ಎನ್ನುತ್ತಾರೆ. ಆ ವಾದಕ್ಕೆ ಬೆಲೆಯಿದೆ. ಹಾಗಿದ್ದರೆ ಮೊದಲ ದಿನವೇ ಧೈರ್ಯವಾಗಿ ಹಾಗೆಂದು ಹೇಳಿ, ಬೆಲೆಯನ್ನು ಜನರ ಮುಂದಿಟ್ಟು ಚರ್ಚಿಸಬೇಕಿತ್ತು ಎಂಬುದು ನನ್ನ ಮರುಮಾತು.

ಬೇಲೆಕೇರಿಯ ಪ್ರಕರಣಕ್ಕೆ 2024ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. ಕಾರವಾರದ ಶಾಸಕರೂ ಸೇರಿ ಹಲವರು ತಪ್ಪಿತಸ್ಥರೆಂದು ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಏಳು ವರ್ಷ ಶಿಕ್ಷೆ ವಿಧಿಸಿತು, ಮುಂದಿನ ತಿಂಗಳು ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಬಂದರಿನಲ್ಲಿ ಮಾಯವಾದ ಅದಿರಿನ ಜಾಡು ಹಿಡಿದು ಒಂದು ತೀರ್ಪಿನವರೆಗೆ ಬರಲು ಕಾನೂನಿಗೆ 14 ವರ್ಷ ಬೇಕಾಯಿತು.

ಹಳ್ಳಿಗೆ ಮರಳಿದರೆ

ಸುಪ್ರೀಂ ಕೋರ್ಟ್ 2022ರ ಆಗಸ್ಟ್ 26ರಂದು ಮಿತಿಯನ್ನು ಬಳ್ಳಾರಿಗೆ 3.5 ಕೋಟಿ ಟನ್‌ಗೂ, ಚಿತ್ರದುರ್ಗ–ತುಮಕೂರಿಗೆ 1.5 ಕೋಟಿ ಟನ್‌ಗೂ ಏರಿಸಿತು. ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೂ ಅದೇ ವರ್ಷ ದಾರಿಯಾಯಿತು, ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ಮೇಲ್ವಿಚಾರಣೆಗೆ ನೇಮಿಸಲಾಯಿತು. ಗಣಿಯಿಂದ ವಸೂಲಾದ ಹಣವೇ ಗಣಿಬಾಧಿತರಿಗೆ ಮರಳಬೇಕೆಂಬ ಆಶಯ ಒಳ್ಳೆಯದು, ಮತ್ತು ಈ ಪ್ರಕರಣದಿಂದ ಹುಟ್ಟಿದ ಫಲಗಳಲ್ಲಿ ನಾನು ಮನಸಾರೆ ಒಪ್ಪುವುದು ಇದೊಂದನ್ನೇ.

ಕಳೆದ ಸಲ ಹೋದಾಗ ಭಾವ ಗ್ರಾಮಸಭೆಗೆ ಕೊಡಲು ಒಂದು ಅರ್ಜಿ ಬರೆಸಿಕೊಂಡರು. ರಸ್ತೆಯ ಪಕ್ಕದ ತೋಟಗಳಿಗೆ ದೂಳು ತಡೆಯುವ ಮರಗಳ ಸಾಲು, ಗುಡ್ಡದಿಂದ ಹೂಳು ಹರಿದು ತುಂಬಿರುವ ಕೆರೆಯ ಹೂಳೆತ್ತುವಿಕೆ, ಲಾರಿಗಳು ಶಾಲೆಯ ವೇಳೆಯಲ್ಲಿ ಊರೊಳಗೆ ಬರದಂತೆ ಬೇರೆ ದಾರಿ ಎಂದು ಮೂರು ಬೇಡಿಕೆ ಬರೆಸಿ, ಹಣ ಎಲ್ಲಿಂದ ಕೇಳಬೇಕೆಂದು ನನ್ನನ್ನು ಕೇಳಿದರು. ಗಣಿ ಪುನಶ್ಚೇತನ ನಿಧಿ ಎಂದು ಹೇಳಿದೆ. ಅರ್ಜಿಯ ಜೊತೆ ಲಗತ್ತಿಸಲು ಅವರು ಪೆಟ್ಟಿಗೆಯ ತಳದಿಂದ ಒಂದು ಚೀಟಿ ತೆಗೆದು ಕೊಟ್ಟರು. ಅದು ಅದೇ ಹಳೆಯ ಪರ್ಮಿಟ್. ಅಂಚು ಹರಿದಿತ್ತು, ಮಡಿಕೆಯಲ್ಲಿ ಕೆಂಪು ದೂಳು ಇನ್ನೂ ಉಳಿದಿತ್ತು, ದಿನಾಂಕದ ಜಾಗ ಖಾಲಿಯಾಗಿಯೇ ಇತ್ತು.